ಎಂಜಿಬಿ: ಬುಷ್ ಬದಲಿಸಿದ ಮೇಲೆ ಮೂತಿ ಎತ್ತರ, ಸ್ಟಿಯರಿಂಗ್ ಬಿಗಿ

ಪ್ರಶ್ನೆ:
ನಮಸ್ಕಾರ. ಬರ್ಮಿಂಗ್‌ಹ್ಯಾಮ್‌ನಿಂದ ಬರೆಯುತ್ತಿದ್ದೇನೆ. ನನ್ನದು 1969ರ ಎಂಜಿಬಿ ರೋಡ್‌ಸ್ಟರ್, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ಮುಂದಿನ ಎರಡೂ ಕಡೆ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ಹೊರಳುವ ಅಚ್ಚು) ಮತ್ತು ಕೆಳಗಿನ ವಿಷ್‌ಬೋನ್‌ನ (ಚಕ್ರದೊಂದಿಗೆ ಏರಿಳಿಯುವ ತೋಳು) ಬುಷ್, ಅಂದರೆ ಕೀಲಿನ ರಬ್ಬರ್, ಬದಲಿಸಿದೆ. ಹಾಕಿದ್ದು ಇದೇ ಕಾರಿನ ಜಿಟಿ ವಿ8 ಮಾದರಿಯ ಬುಷ್, ಸ್ಪ್ರಿಂಗ್ ಹಳೆಯವೇ. ಈಗ ಗಾಡಿಯ ಮೂತಿ ಮೊದಲಿಗಿಂತ ಒಂದು ಇಂಚು ಎದ್ದು ನಿಂತಿದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರವಾಗುವುದಿಲ್ಲ, ಕೈಯಿಂದ ಎಳೆದು ತರಬೇಕು. ಸ್ಪ್ರಿಂಗ್ ಸರಿಯಾಗಿ ಕೂತಿಲ್ಲವೇ? ಮತ್ತೆ ಎಲ್ಲವನ್ನೂ ಬಿಚ್ಚುವುದೆಂದರೆ ಕೈಕಾಲೇ ಆಡುವುದಿಲ್ಲ.

ಉತ್ತರ:
ದಯವಿಟ್ಟು ಸ್ಪ್ರಿಂಗ್ ಮುಟ್ಟಬೇಡಿ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಮೂಳೆ ಮುರಿಯುತ್ತದೆ, ಸುಮ್ಮನೆ ಬಿಚ್ಚುವ ವಸ್ತುವಲ್ಲ ಅದು. ಮೊದಲು ಇದನ್ನು ನೆನಪಿಸಿಕೊಳ್ಳಿ: ವಿಷ್‌ಬೋನ್‌ನ ಒಳತುದಿಯ ನಟ್‌ಗಳನ್ನು ಬಿಗಿದಾಗ ಚಕ್ರ ನೆಲದ ಮೇಲಿತ್ತೋ, ನೇತಾಡುತ್ತಿತ್ತೋ?

ವಿ8 ಬುಷ್‌ನಲ್ಲಿ ರಬ್ಬರಿನ ನಡುವೆ ಉಕ್ಕಿನ ಕೊಳವೆ ಅಂಟಿಕೊಂಡಿರುತ್ತದೆ. ನಟ್ ಬಿಗಿದ ಕೂಡಲೇ ಆ ಕೊಳವೆ ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ. ಆಮೇಲೆ ವಿಷ್‌ಬೋನ್ ಏರಿಳಿದಾಗಲೆಲ್ಲ ತಿರುಚಿಕೊಳ್ಳುವುದು ರಬ್ಬರ್. ಚಕ್ರ ನೇತಾಡುವಾಗ ಬಿಗಿದಿದ್ದರೆ, ಗಾಡಿ ಇಳಿಸಿದಾಗ ಅದು ಹಿಂಡಿದ ಒದ್ದೆ ಬಟ್ಟೆಯಂತಾಗಿ ಮೂತಿಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಹಾಗೆಯೇ ಓಡಿಸಿದರೆ ಹೊಸ ಬುಷ್ ಬೇಗ ಹರಿಯುತ್ತದೆ.

ಮುಂದಿನ ಚಕ್ರಗಳನ್ನು ಗಟ್ಟಿ ರ‍್ಯಾಂಪ್ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ಒಳತುದಿಯ ನಾಲ್ಕೂ ನಟ್ ಸಡಿಲಿಸಿ. ಹೊರಗೆ ಬಂದು ಮುಂಭಾಗವನ್ನು ನಾಲ್ಕೈದು ಸಲ ಅದುಮಿ ಬಿಡಿ. ಅಲ್ಲೇ, ಚಕ್ರದ ಮೇಲೆ ಭಾರ ಇರುವಾಗಲೇ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ.

ಸ್ಟಿಯರಿಂಗ್ ಬೇರೆ ವಿಷಯ. ಎಂಜಿಬಿಯ ಕ್ಯಾಸ್ಟರ್ ಕೋನ, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, 7 ಡಿಗ್ರಿ. ಇಷ್ಟಿದ್ದ ಮೇಲೆ ಅದು ತಾನಾಗಿ ಮರಳಲೇಬೇಕು. ಎಲ್ಲೋ ಹಿಡಿಯುತ್ತಿದೆ. ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಟಿಯರಿಂಗ್ ರ‍್ಯಾಕ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್‌ನ ತುದಿ ಬಿಡಿಸಿ, ಹಬ್ (ಚಕ್ರ ಕೂರುವ ಭಾಗ) ಅನ್ನು ಕೈಯಿಂದ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ರ‍್ಯಾಕ್ ಕಡೆ ಹುಡುಕಿ. ಬಿಗಿಯಿದ್ದರೆ ಮೊದಲು ಚಕ್ರ ನೇತಾಡುತ್ತಿರುವಾಗಲೇ ಆ ಕಡೆಯ ಮೂರೂ ಗ್ರೀಸ್ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಯಿರಿ. ಭಾರ ಬಿದ್ದಾಗ ಹೊಡೆದರೆ ಬೇಕಾದ ಕಡೆಗೆ ಅದು ಇಳಿಯುವುದಿಲ್ಲ. ಆಗಲೂ ಬಿಗಿಯೇ ಇದ್ದರೆ ಕಿಂಗ್‌ಪಿನ್‌ನ ಮೇಲ್ತುದಿಯ ಥ್ರಸ್ಟ್ ವಾಷರ್ (ಸಂದು ತುಂಬುವ ಬಳೆ) ದಪ್ಪವಾಗಿರಬಹುದು. ಬೇರೆ ಬೇರೆ ದಪ್ಪದವು ಸಿಗುತ್ತವೆ.

ಪ್ರಶ್ನೆ ಕೇಳಿದವರಿಂದ:
ನೀವು ಹೇಳಿದ್ದೇ ನಿಜ, ನೇತಾಡುವಾಗಲೇ ಬಿಗಿದಿದ್ದೆ. ಎಡಗಡೆಯ ಎರಡನೇ ನಟ್ ಅರ್ಧ ಸುತ್ತು ತಿರುಗಿಸಿದೆನೋ ಇಲ್ಲವೋ, ಟಕ್ ಎಂದು ಸದ್ದಾಗಿ ಸ್ಪ್ಯಾನರ್ ಕೈಯಲ್ಲೇ ನಡುಗಿತು. ಅದುಮಿ ಬಿಟ್ಟ ಮೇಲೆ ಮೂತಿ ಹಳೆಯ ಎತ್ತರಕ್ಕೇ ಇಳಿದಿದೆ. ಗ್ರೀಸ್ ಹೊಡೆದ ಮೇಲೆ ಬಲಗಡೆಯ ಹಬ್ ಒಂದೇ ಬೆರಳಿಗೆ ತಿರುಗುತ್ತದೆ; ಎಡಗಡೆಯದು ಇನ್ನೂ ಬಿಗಿ. ಆ ಕಡೆಗೆ ತೆಳು ವಾಷರ್ ತರಿಸುತ್ತಿದ್ದೇನೆ. ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಯುವುದಿಲ್ಲ.