ಫ್ರಿಜ್ಜಿನ ನೀರು ನೂಲಿನ ಹಾಗೆ, ಐಸ್ ಮುರಕಲ್ಲಿನ ಹಾಗೆ. ವಾಲ್ವ್ ಬದಲಿಸಲೇಬೇಕಾ?

ಅಂಬಲಪಾಡಿ_ಅಡುಗೆಮನೆ:

ನಮಸ್ಕಾರ. ನಮ್ಮದು ಎರಡು ಬಾಗಿಲಿನ ದೊಡ್ಡ ಫ್ರಿಜ್. ಬಾಗಿಲಲ್ಲೇ ನೀರು, ಐಸ್ ಬರುವಂಥದ್ದು. ಮಗ ದೋಹಾಕ್ಕೆ ಹೋಗುವ ಮೊದಲು ತೆಗೆದುಕೊಟ್ಟದ್ದು, ಐದು ವರ್ಷ ಆಯ್ತು. ಇಷ್ಟು ದಿನ ಒಂದು ತಕರಾರಿಲ್ಲ. ಈ ಜನವರಿಯಿಂದ ಎರಡು ಶುರುವಾಗಿದೆ.

ನೀರು ನೂಲಿನ ಹಾಗೆ ಬರುತ್ತದೆ. ಒಂದು ಲೋಟ ತುಂಬಲು ಹತ್ತಿರ ಹತ್ತಿರ ಒಂದು ನಿಮಿಷ. ಲೋಟ ಒತ್ತಿ ಹಿಡಿದು ಹಿಡಿದು ಕೈ ಸೋಲುತ್ತದೆ. ಇನ್ನು ಐಸ್. ಮೊದಲು ಬಿಡಿಬಿಡಿಯಾಗಿ ಬೀಳುತ್ತಿತ್ತು. ಈಗ ಬಕೆಟ್ ಎಳೆದರೆ ಎಲ್ಲ ಒಟ್ಟಿಗೆ ಅಂಟಿ ಒಂದೇ ಮುರಕಲ್ಲು. ಮೊನ್ನೆ ನೆಂಟರು ಬಂದಾಗ ಪುನರ್ಪುಳಿ ಶರಬತ್ತಿಗೆ ಐಸ್ ಬೇಕಾಯ್ತು. ಕತ್ತಿಯ ಹಿಂಬದಿಯಲ್ಲಿ ಕುಟ್ಟಿದೆ. ಅರ್ಧ ಐಸ್ ಸೋಫಾದ ಅಡಿಗೆ ಹೋಯ್ತು.

ರಿಪೇರಿಯವರು ಬಂದು ಐದು ನಿಮಿಷ ನೋಡಿ, "ವಾಲ್ವ್ ಹೋಗಿದೆ, 4,500 ಆಗ್ತದೆ" ಅಂದರು. ನನಗೆ ಅರ್ಥವಾಗದ್ದು ಇಷ್ಟೇ. ಬಾಗಿಲಲ್ಲಿ ನೀರು ಕಡಿಮೆ ಬರುವುದಕ್ಕೂ ವಾಲ್ವ್ ಕಾರಣ, ಐಸಿಗೆ ನೀರು ಜಾಸ್ತಿ ಹೋಗುವುದಕ್ಕೂ ವಾಲ್ವ್ ಕಾರಣ ಅಂದ್ರೆ ಇದು ಎಂತ ಲೆಕ್ಕ? ಫಿಲ್ಟರ್ ಹೊಸದು ಹಾಕಿ ಆಯ್ತು, ಏನೂ ವ್ಯತ್ಯಾಸ ಇಲ್ಲ.

ಕದ್ರಿಗುಡ್ಡೆ:

ಅಕ್ಕ, ಟ್ರೇಯಲ್ಲಿ ನೀರಿಟ್ಟರೂ ಐಸ್ ಆಗ್ತದೆ. ಕುಡಿಯಲು ಮಣ್ಣಿನ ಹೂಜಿ. 4,500 ಉಳೀತು ಅಲ್ವಾ?

ಸ್ಪ್ಯಾನರ್_ಪಡುಬಿದ್ರಿ:

ಹೂಜಿಯವರ ಮಾತು ಸುಳ್ಳಲ್ಲ, ಆದ್ರೆ ಅಕ್ಕ ಕೇಳಿದ್ದು ಅದಲ್ಲ ಮಾರಾಯ್ರೆ.

ಅಕ್ಕ, ನಾನು ದುಬೈಯಲ್ಲಿ 14 ವರ್ಷ ಇದೇ ಕೆಲಸ ಮಾಡಿ ಬಂದವ. ಮೊದಲು ಮೂರು ವಿಷಯ ಹೇಳಿ. ನೀರಿಗೆ ಒತ್ತಿದಾಗ ಫ್ರಿಜ್ಜಿನ ಹಿಂದಿನಿಂದ ಸಣ್ಣಗೆ ಗುಂಯ್ ಅಂತ ಕೇಳುತ್ತದಾ? ನೀರು ಎಲ್ಲಿಂದ ಬರುತ್ತದೆ, ಟ್ಯಾಂಕ್ ಎಷ್ಟು ಎತ್ತರದಲ್ಲಿ ಉಂಟು? ಜನವರಿಯಲ್ಲಿ ಮನೆಯಲ್ಲಿ ಏನು ಬದಲಾಯ್ತು?

ಆಮೇಲೆ ಒಂದು ಪರೀಕ್ಷೆ ಮಾಡಿ. ಪ್ಲಗ್ ತೆಗೆಯಿರಿ. ಇದು ಮುಖ್ಯ, ವಾಲ್ವಿಗೆ ಕರೆಂಟ್ ಬರುತ್ತದೆ, ಪಕ್ಕದಲ್ಲೇ ನೀರು. ನೀರಿನ ನಲ್ಲಿಯನ್ನೂ ಸ್ವಲ್ಪ ಹೊತ್ತು ಮುಚ್ಚಿ. ಫ್ರಿಜ್ ಮುಂದೆ ಎಳೆದರೆ ಹಿಂದೆ ಕೆಳಗಡೆ ವಾಲ್ವ್ ಕಾಣುತ್ತದೆ. ಅದರಿಂದ ಎರಡು ಸಣ್ಣ ಪೈಪ್ ಹೊರಡುತ್ತವೆ. ಒಂದು ಬಾಗಿಲಿಗೆ, ಇನ್ನೊಂದು ಮೇಲೆ ಹತ್ತಿ ಐಸ್ ಮೇಕರಿಗೆ. ಮೇಲೆ ಹತ್ತುವುದನ್ನು ವಾಲ್ವಿನ ಹತ್ತಿರ ಬಿಡಿಸಿ, ಬುಡದ ರಿಂಗ್ ಒತ್ತಿ ಹಿಡಿದು ಎಳೆದರೆ ಬರುತ್ತದೆ. ಆ ಬಾಯಿಯ ಕೆಳಗೆ ಲೋಟ ಇಟ್ಟು ನಲ್ಲಿ ತೆರೆಯಿರಿ. ಒಂದು ಗಂಟೆ ಬಿಡಿ. ಕರೆಂಟೇ ಇಲ್ಲದಾಗಲೂ ನೀರು ತೊಟ್ಟಿಕ್ಕಿದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ. ತೊಟ್ಟಿಕ್ಕದಿದ್ದರೆ ವಾಲ್ವನ್ನು ಬೈಯಬೇಡಿ, ಐಸ್ ಮೇಕರ್ ಕಡೆ ನೋಡಬೇಕು.

ಬಾಗಿಲಿನ ರಬ್ಬರ್ ಸಡಿಲವಾದರೂ ಐಸ್ ಕರಗಿ ಮತ್ತೆ ಗಟ್ಟಿಯಾಗುತ್ತದೆ. ನಮ್ಮ ಕಡಲ ಬದಿಯ ಗಾಳಿಗೆ ಅದು ಸಾಮಾನ್ಯ. ಆದರೆ ರಬ್ಬರಿನಿಂದ ನೀರಿನ ಧಾರೆ ಸಣ್ಣ ಆಗುವುದಿಲ್ಲ.

ಅಂಬಲಪಾಡಿ_ಅಡುಗೆಮನೆ:

ಗುಂಯ್ ಅಂತ ಕೇಳುತ್ತದೆ ಅಣ್ಣ. ಪರೀಕ್ಷೆ ಇವತ್ತು ಮಾಡಿದೆ. ಫ್ರೀಜರಿನಲ್ಲಿ ಬಂಗುಡೆ ಉಂಟು, ಅದಕ್ಕೆ ಒಂದು ಗಂಟೆಗಿಂತ ಜಾಸ್ತಿ ಬಿಡಲು ಧೈರ್ಯ ಬರಲಿಲ್ಲ. ಕಾಲು ಲೋಟ ನೀರು ಬಿತ್ತು! ಅಂದ್ರೆ ವಾಲ್ವೇ ಹೋಗಿದ್ದಾ?

ಬದಲಾದದ್ದು ಏನು ಅಂತ ಕೇಳಿದ್ರಿ. ಮನೆಯೇ ಬದಲಾಯ್ತು. ಡಿಸೆಂಬರ್ ಕೊನೆಗೆ ಮಂಗಳೂರಿನ ಫ್ಲ್ಯಾಟ್ ಬಿಟ್ಟು ಇಲ್ಲಿ ನಮ್ಮ ಸ್ವಂತ ಮನೆಗೆ ಬಂದೆವು. ಅಲ್ಲಿ ನಾವು ನೆಲಮಹಡಿ, ಟ್ಯಾಂಕ್ ಐದನೇ ಮಹಡಿಯ ಮೇಲೆ. ಇಲ್ಲಿ ಅಡುಗೆಮನೆ ಮೊದಲನೇ ಮಹಡಿಯಲ್ಲಿ, ಟ್ಯಾಂಕ್ ನೇರ ತಲೆಯ ಮೇಲೆ ತಾರಸಿಯಲ್ಲಿ. ನೀರು ಬಾವಿಯದ್ದು. ಬಿಳಿ ಬಕೆಟಿನಲ್ಲಿ ಇಟ್ಟರೆ ಎರಡು ದಿನಕ್ಕೆ ತಳ ಕೆಂಪಾಗುತ್ತದೆ.

ಸ್ಪ್ಯಾನರ್_ಪಡುಬಿದ್ರಿ:

ಇದನ್ನು ಮೊದಲೇ ಹೇಳಿದ್ದರೆ ನಿಮ್ಮ ಬಂಗುಡೆಗೆ ಈ ಪಾಡು ಬರುತ್ತಿರಲಿಲ್ಲ.

ಗುಂಯ್ ಅಂದ್ರೆ ಕಾಯ್ಲ್, ಅಂದ್ರೆ ಕರೆಂಟಿನಿಂದ ವಾಲ್ವ್ ತೆರೆಯುವ ತಂತಿಯ ಸುರುಳಿ, ಜೀವಂತ ಉಂಟು. ಒಂದೇ ವಾಲ್ವಿನಲ್ಲಿ ಎರಡು ಕಾಯ್ಲ್, ನೀರಿಗೊಂದು, ಐಸಿಗೊಂದು. ಕಾಯ್ಲ್ ಸುಟ್ಟರೆ ಸಾಮಾನ್ಯವಾಗಿ ಯಾವುದಾದರೂ ಒಂದು ಕಡೆ ಪೂರ್ತಿ ನಿಲ್ಲುತ್ತದೆ. ನಿಮಗೆ ಎರಡೂ ಕಡೆ ಒಟ್ಟಿಗೆ ತೊಂದರೆ. ಹಾಗಾದರೆ ನೀರು ಒಳಗೆ ಬರುವ ದಾರಿಯನ್ನೇ ನೋಡಬೇಕು.

ಲೆಕ್ಕ ನೋಡಿ. ಒಂದು ಮೀಟರ್ ಎತ್ತರದ ನೀರಿಗೆ ಸುಮಾರು 1.4 ಪಿಎಸ್‌ಐ ಒತ್ತಡ (ಪಿಎಸ್‌ಐ ಅಂದ್ರೆ ಒತ್ತಡ ಅಳೆಯುವ ಮಾನ). ಫ್ಲ್ಯಾಟಿನಲ್ಲಿ ಟ್ಯಾಂಕ್ 18 ಮೀಟರ್ ಮೇಲಿತ್ತು ಅಂತ ಇಟ್ಟುಕೊಂಡರೆ 25 ಪಿಎಸ್‌ಐ. ಈಗ ಟ್ಯಾಂಕ್ ತುಂಬಿದ್ದರೂ ನಾಲ್ಕೂವರೆ ಮೀಟರ್ ಇರಬಹುದು. 6 ಪಿಎಸ್‌ಐ, ಅಷ್ಟೇ. ಇಂಥ ಫ್ರಿಜ್ಜುಗಳ ಪುಸ್ತಕದಲ್ಲಿ ಕನಿಷ್ಠ 20 ಬೇಕು ಅಂತ ಬರೆದಿರುತ್ತದೆ, ಕೆಲವದರಲ್ಲಿ 35. ನಿಮ್ಮದರಲ್ಲಿ ಎಷ್ಟು ಅಂತ ನೋಡಿ.

ಈಗ ನಿಮ್ಮ "ಎಂತ ಲೆಕ್ಕ" ಪ್ರಶ್ನೆಗೆ ಬರುತ್ತೇನೆ. ವಾಲ್ವಿನೊಳಗೆ ಒಂದು ರಬ್ಬರ್ ಬಿಲ್ಲೆ ಉಂಟು. ಕರೆಂಟ್ ಅದನ್ನು ತೆರೆಯಲು ಮಾತ್ರ. ಮುಚ್ಚಿದ ಮೇಲೆ ಅದನ್ನು ಗಟ್ಟಿಯಾಗಿ ಅದುಮಿ ಹಿಡಿಯುವುದು ಹಿಂದಿನಿಂದ ಬರುವ ನೀರಿನ ಒತ್ತಡವೇ. ಒತ್ತಡ ಇಲ್ಲದಿದ್ದರೆ ಬಿಲ್ಲೆ ಸರಿಯಾಗಿ ಕೂರುವುದಿಲ್ಲ, ಹನಿ ಹನಿಯಾಗಿ ಜಿನುಗುತ್ತದೆ. ಆ ಹನಿ ಐಸ್ ಮೇಕರ್ ತುಂಬಿ ಬಕೆಟಿಗೆ ಬೀಳುತ್ತದೆ. ಅದೇ ನಿಮ್ಮ ಮುರಕಲ್ಲು. ಹೊಸ ವಾಲ್ವ್ ಹಾಕಿದರೂ 6 ಪಿಎಸ್‌ಐಗೆ ಅದೂ ಜಿನುಗಬಹುದು.

ಮತ್ತೆ, ವಾಲ್ವಿಗೆ ನೀರು ಬರುವ ಬಾಯಿಯಲ್ಲಿ ಸಣ್ಣ ಜಾಲರಿ ಉಂಟು. ನಿಮ್ಮ ಬಾವಿಯ ಕೆಂಪು ಅಲ್ಲಿ ಕೂತಿರಬೇಕು. ಹಳೆಯ ಟೂತ್‌ಬ್ರಷ್‌ನಲ್ಲಿ ಮೆಲ್ಲ ಉಜ್ಜಿ. ಪಿನ್ನು, ಸೂಜಿ ಹಾಕಿ ಹರಿಯಬೇಡಿ. ಹರಿದರೆ ಕಸ ನೇರ ರಬ್ಬರಿಗೆ ಹೋಗ್ತದೆ.

ಕದ್ರಿಗುಡ್ಡೆ:

ನಾನು ತಮಾಷೆಗೆ ಹೇಳಿದ್ದು ಅಕ್ಕ. ಒತ್ತಡ ಹೆಚ್ಚಿಸಲು ಪಂಪ್ ಹಾಕುವುದಾದರೆ ಒಂದು ಮಾತು. ನಮ್ಮ ಮನೆಯಲ್ಲಿ ಆರ್‌ಓ ಪಂಪ್ ಹಾಕಿ ನೋಡಿದ್ದೆವು. ಒತ್ತಡ ಬಂತು, ನೀರಿನ ಪ್ರಮಾಣ ಬರಲಿಲ್ಲ, ಲೋಟಕ್ಕೆ ಮತ್ತೆ ಅದೇ ಕಾಯುವಿಕೆ. ನಲ್ಲಿ ತೆರೆದ ಕೂಡಲೇ ತಾನೇ ಓಡುವ ಪ್ರೆಷರ್ ಪಂಪ್ ತೆಗೆಯಿರಿ. ಟ್ಯಾಂಕ್ ಖಾಲಿಯಾದಾಗ ನಿಲ್ಲುವಂಥದ್ದೇ ಆಗಲಿ. ಏಪ್ರಿಲ್, ಮೇಯಲ್ಲಿ ಬಾವಿಯ ಕತೆ ನಿಮಗೆ ಗೊತ್ತಲ್ಲ.

ಅಂಬಲಪಾಡಿ_ಅಡುಗೆಮನೆ:

ಹನ್ನೆರಡು ದಿನ ಆಯ್ತು, ಈಗ ಬರೆಯುತ್ತಿದ್ದೇನೆ. ಜಾಲರಿ ಬಿಚ್ಚಿದರೆ ಒಳಗೆ ಗೇರುಬೀಜದ ಸಿಪ್ಪೆಯ ಬಣ್ಣದ ಕೆಸರು. ಉಜ್ಜಿದ ಮೇಲೆ ನೀರು ಸ್ವಲ್ಪ ಸುಧಾರಿಸಿತು, ತೊಟ್ಟಿಕ್ಕುವುದು ನಿಲ್ಲಲಿಲ್ಲ. ಆಮೇಲೆ ಪಂಪ್ ಹಾಕಿಸಿದೆವು. ಪ್ಲಂಬರ್ ಕೂಲಿ ಸೇರಿ ವಾಲ್ವಿಗಿಂತ ಜಾಸ್ತಿಯೇ ಆಯ್ತು, ಆದರೆ ಸ್ನಾನದ ಶವರ್ ಕೂಡ ಈಗ ಜೋರು. ಲೋಟ ಹತ್ತು ಸೆಕೆಂಡಿಗೆ ತುಂಬುತ್ತದೆ. ಲೋಟ ಇಟ್ಟು ಮತ್ತೆ ಒಂದು ಗಂಟೆ ನೋಡಿದೆ. ಒಂದು ಹನಿ ಇಲ್ಲ. ಮೊದಲ ಎರಡು ಬಕೆಟ್ ಐಸ್ ಮಾಸಲಾಗಿತ್ತು, ಗಿಡಗಳ ಬುಡಕ್ಕೆ ಹಾಕಿದೆ.

ಒಂದೇ ತೊಂದರೆ. ರಾತ್ರಿ ಐಸ್ ಮೇಕರ್ ನೀರು ಎಳೆದಾಗೆಲ್ಲ ತಾರಸಿಯಲ್ಲಿ ಪಂಪ್ ಗುರ್ ಅನ್ನುತ್ತದೆ. ಅತ್ತೆ ಮೊದಲ ರಾತ್ರಿ ಬೆಕ್ಕು ಅಂತ ಕೋಲು ಹಿಡಿದು ಹೊರಗೆ ಬಂದರು.

ಸ್ಪ್ಯಾನರ್_ಪಡುಬಿದ್ರಿ:

ಮಲಗುವಾಗ ಐಸ್ ಮೇಕರ್ ಆಫ್ ಮಾಡಿ ಅಕ್ಕ, ಅದಕ್ಕೆ ಬೇರೆಯೇ ಬಟನ್ ಉಂಟು. ಪಂಪಿನ ಅಡಿಗೆ ಹಳೆಯ ಟಯರಿನ ತುಂಡು ಇಡಿ.