ಸಹಾಯ ಬೇಕು: ಸೆಕೆಗೆ ಎರೆಹುಳ ತೊಟ್ಟಿ ಬಿಟ್ಟು ಹೋಗುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕ ಹತ್ತಿರ ಅಡಿಕೆ ತೋಟ. ಹಟ್ಟಿಯ ಪಕ್ಕ ಸಿಮೆಂಟ್ ತೊಟ್ಟಿಯಲ್ಲಿ ಎರೆಗೊಬ್ಬರ ಮಾಡುತ್ತೇವೆ. ತೆಂಗಿನ ಮಡಲು, ಅಡಿಕೆ ಸೋಗೆ, ಹಳೆ ಸೆಗಣಿ. ಹುಳ ಯೂಡ್ರಿಲಸ್ ಜಾತಿಯದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐಯವರು ತೆಂಗಿನ ಗರಿಗೆ ಹೇಳುವುದೂ ಅದನ್ನೇ.

ಮಳೆಗಾಲದಲ್ಲಿ ತೊಂದರೆ ಇಲ್ಲ. ಈಗ ಮೇಲಿನ ಪದರದಲ್ಲಿ ಹುಳವೇ ಕಾಣುವುದಿಲ್ಲ. ಎಲ್ಲ ಅಡಿಗೆ ಇಳಿದು ಮೂಲೆಯಲ್ಲಿ ಗಂಟು ಕಟ್ಟಿಕೊಂಡಿವೆ. ರಾತ್ರಿ ಟಾರ್ಚ್ ಹಾಕಿದರೆ ಕೆಲವು ಗೋಡೆ ಹತ್ತುತ್ತಿರುತ್ತವೆ. ಮೊಟ್ಟೆಗೂಡುಗಳೂ ಕಡಿಮೆ. ಮಧ್ಯಾಹ್ನ ಗೊಬ್ಬರದೊಳಗೆ ಥರ್ಮಾಮೀಟರ್ ಚುಚ್ಚಿದರೆ 34 ಡಿಗ್ರಿ. ಇವಕ್ಕೆ 25ರ ಆಸುಪಾಸು ಹಿತ, 30 ದಾಟಿದರೆ ಕಷ್ಟ ಅಲ್ವಾ? ಚರ್ಮದಲ್ಲೇ ಉಸಿರಾಡುವ ಜೀವ, ಒಣಗಿದರೆ ಮುಗೀತು. ಹಾಗಂತ ನೀರು ಜಾಸ್ತಿಯಾದರೆ ಒಳಗೆ ಗಾಳಿ ಆಡುವುದಿಲ್ಲ.

ಸುಮ್ನೆ ‘ನೆರಳು ಮಾಡಿ’ ಅನ್ನಬೇಡಿ, ಶೀಟಿನ ಮಾಡು ಇದೆ. (ಆ ಶೀಟೇ ಕಾದು ಬಿಸಿ ಕೆಳಗೆ ಇಳಿಸುತ್ತಿದೆ ಅಂತ ನನ್ನ ಗುಮಾನಿ.) ಅದರ ಮೇಲೆ ಸೋಗೆ ಹೊದಿಸಿದವರು ಯಾರಾದರೂ ಇದ್ದೀರಾ? ಎಷ್ಟು ಡಿಗ್ರಿ ಇಳಿಯಿತು? ಮೇಲೆ ಒದ್ದೆ ಗೋಣಿ ಹಾಸಿದರೆ ಸಾಕೋ, ಹೊರಗೋಡೆಗೂ ಮಣ್ಣು ಏರಿಸಬೇಕೋ?

ಮಾವ ಹುಳವನ್ನೆಲ್ಲ ಅಡಿಕೆ ಬುಡಕ್ಕೆ ಬಿಟ್ಟುಬಿಡು ಅನ್ನುತ್ತಿದ್ದಾರೆ. ಸ್ವಲ್ಪ ಬೇಗ ಹೇಳಿ.