ಪ್ಲಾಸ್ಮಾ ಅಲೆಗಳ ‘ಡಿಸ್ಪರ್ಶನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಗ್ರಹಗಳ ಸುತ್ತಲಿನ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುದಾವೇಶವಿರುವ ಕಣಗಳ ಅನಿಲದಲ್ಲಿ, ಏಳುವ ಒಂಟಿ ಅಲೆಗಳ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಭೂಮಿಯ ಕಾಂತಗೋಳದ (ಅದರ ಕಾಂತಕ್ಷೇತ್ರದ ಹಿಡಿತವಿರುವ ವಲಯದ) ಬಾಲದಲ್ಲಿ ಇವು ಇರುವುದನ್ನು ಜಪಾನಿನ ಜಿಯೋಟೇಲ್ ಉಪಗ್ರಹ 1990ರ ದಶಕದಲ್ಲೇ ತೋರಿಸಿತ್ತು. ಮಂಗಳದ ಬಳಿಯೂ ಇವೆಯೆಂದು ನಾಸಾದ ಮೇವನ್ ನೌಕೆಯ ಅಳತೆಗಳಿಂದ ಕಂಡುಕೊಂಡವರು ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯವರು. ಅದು ಪ್ರಕಟವಾದದ್ದು 2022ರಲ್ಲಿ. ನಮ್ಮವರೇ ಮಾಡಿದ ಕೆಲಸವನ್ನು ನಮ್ಮ ಮಕ್ಕಳು ಕನ್ನಡದಲ್ಲೇ ಓದಿ ತಿಳಿಯಬೇಕು ಎಂಬುದು ನನ್ನ ಆಸೆ.

‘ಒಂಟಿ ಅಲೆ’ ಎಂಬ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. 1834ರಲ್ಲಿ ಎಡಿನ್‌ಬರೋ ಬಳಿಯ ಕಾಲುವೆಯಲ್ಲಿ ದೋಣಿಯೊಂದು ಗಕ್ಕನೆ ನಿಂತಾಗ, ಅದರ ಮುಂದಿನಿಂದ ಒಂದೇ ಒಂದು ನೀರಿನ ದಿಬ್ಬ ಹೊರಟು ಆಕಾರ ಕೆಡದೆ ಸಾಗಿತು. ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆಯೇರಿ ಅದರ ಹಿಂದೆಯೇ ಹೋದರು. ಆ ಅಲೆಗೆ ‘ಒಂಟಿ’ ಎಂಬ ಮಾತು ಸಲೀಸಾಗಿ ಒಪ್ಪುತ್ತದೆ. ಇಂಥ ಎರಡು ಅಲೆಗಳು ಒಂದನ್ನೊಂದು ಹಾಯ್ದುಹೋದ ಮೇಲೂ ತಮ್ಮ ರೂಪ ಉಳಿಸಿಕೊಂಡರೆ ಅವನ್ನು ಸಾಲಿಟಾನ್ ಎನ್ನುತ್ತಾರೆ. 1965ರಲ್ಲಿ ಹುಟ್ಟಿದ ಈ ಪದವನ್ನು ಹಾಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು. ಬಾಹ್ಯಾಕಾಶದಲ್ಲಿ ಕಾಣುವ ಒಂಟಿ ಅಲೆಗಳೆಲ್ಲ ಸಾಲಿಟಾನ್‌ಗಳಲ್ಲ, ಆದ್ದರಿಂದ ಎರಡೂ ಬೇಕು.

ತೊಡಕಿರುವುದು ‘ಡಿಸ್ಪರ್ಶನ್’ನಲ್ಲಿ. ಶಾಲೆಯಲ್ಲಿ ಪಟ್ಟಕದ ಪಾಠ ಮಾಡುವಾಗ ಇದನ್ನು ‘ವರ್ಣವಿಭಜನೆ’ ಎನ್ನುತ್ತೇವೆ. ಬೆಳಕಿಗೆ ಅದು ಚೆನ್ನಾಗಿದೆ, ಆದರೆ ಪ್ಲಾಸ್ಮಾದ ಅಯಾನು-ಧ್ವನಿ ಅಲೆಯಲ್ಲಿ (ಗಾಳಿಯಲ್ಲಿ ಸದ್ದು ಸಾಗುವಂತೆ ಅಯಾನುಗಳು ಒತ್ತಾಗಿ ಸಡಿಲಾಗಿ ಸಾಗುವ ಅಲೆಯಲ್ಲಿ) ಬಣ್ಣವೆಲ್ಲಿಂದ ಬರಬೇಕು? ‘ಚದುರಿಕೆ’ ಎನ್ನೋಣವೆಂದರೆ ಅದು ರಾಮನ್ ಪರಿಣಾಮದ ಪಾಠಕ್ಕೆ ಸೇರಿಹೋಗಿದೆ. ‘ವಿಸರಣೆ’ಯನ್ನು ರಸಾಯನಶಾಸ್ತ್ರ, ಜೀವಶಾಸ್ತ್ರದವರು ಬೇರೆಯದಕ್ಕೆ ಬಳಸುತ್ತಾರೆ.

ಇಲ್ಲಿ ಹೇಳಬೇಕಾದ ಸಂಗತಿ ಇಷ್ಟು: ಬೇರೆ ಬೇರೆ ಅಲೆಯುದ್ದದ ಅಲೆಗಳು ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ದಿಬ್ಬ ಹಿಗ್ಗಿ ಚಪ್ಪಟೆಯಾಗತೊಡಗುತ್ತದೆ. ಹಾಗಾಗಿ ‘ವೇಗಭೇದ’ ಎಂದು ಬರೆದು ನೋಡಿದೆ. ಆದರೆ ಎತ್ತರದ ಭಾಗ ತಗ್ಗಿನ ಭಾಗಕ್ಕಿಂತ ಬೇಗ ಓಡಿ, ದಿಬ್ಬದ ಮುಂಬದಿ ಕಡಿದಾಗುವುದೂ ವೇಗದ ಭೇದವೇ. ಅದು ಅರೇಖೀಯತೆಯ, ಅಂದರೆ ಎತ್ತರಕ್ಕೆ ತಕ್ಕಂತೆ ವೇಗ ಬದಲಾಗುವುದರ, ಕೆಲಸ. ಒಂದು ಹಿಗ್ಗಿಸುತ್ತದೆ, ಇನ್ನೊಂದು ಕಡಿದಾಗಿಸುತ್ತದೆ. ಎರಡೂ ಸರಿದೂಗಿದಾಗಲೇ ಸಾಲಿಟಾನ್ ಉಳಿಯುವುದು. ಡಚ್ ಗಣಿತಜ್ಞರಾದ ಕಾರ್ಟೆವೆಗ್ ಮತ್ತು ದ ವ್ರೀಸ್ 1895ರಲ್ಲಿ ನೀರಿನ ಅಲೆಗಳಿಗಾಗಿ ಬರೆದ ಸಮೀಕರಣದಲ್ಲಿ ಈ ಎರಡಕ್ಕೂ ಒಂದೊಂದು ಗಣಿತಪದವಿದೆ. ಸಣ್ಣ ಎತ್ತರದ ಅಯಾನು-ಧ್ವನಿ ಅಲೆಗಳಿಗೂ ಅದೇ ಸಮೀಕರಣ ಹೊಂದುತ್ತದೆಂದು 1966ರಲ್ಲಿ ತಿಳಿದುಬಂತು. ಮಾದರಿ ಕಟ್ಟುವವರು ಇವತ್ತಿಗೂ ಅದರಿಂದಲೇ ಪಾಠ ಶುರುಮಾಡುತ್ತಾರೆ. ಆದ್ದರಿಂದ ಎರಡೂ ಒಂದೇ ಎಂದು ಕೇಳಿಸುವ ಹೆಸರನ್ನು ಕೊಟ್ಟರೆ ವಿಷಯದ ತಿರುಳೇ ಹೋಗುತ್ತದೆ.

ಸದ್ಯಕ್ಕೆ ‘ಅಲೆಯುದ್ದದ ವೇಗಭೇದ’ ಎಂದು ಬರೆದಿದ್ದೇನೆ. ಅರ್ಥ ಸರಿಯಿದೆ, ಆದರೆ ಸಮೀಕರಣ ವಿವರಿಸುವಾಗ ಮತ್ತೆ ಮತ್ತೆ ಹೇಳಲು ಉದ್ದವಾಯಿತು. ‘ಅಲೆಹರವು’ ಚಿಕ್ಕದು, ಕಿವಿಗೂ ಹಿತ. ಕಾರಣವನ್ನು ಬಿಟ್ಟು ಪರಿಣಾಮವನ್ನಷ್ಟೇ ಹೇಳುತ್ತದೆ ಎಂಬುದೊಂದೇ ಕೊರತೆ.

ಕನ್ನಡದಲ್ಲಿ ಭೌತಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಏನೆನ್ನುತ್ತೀರಿ? ಈ ವಾಕ್ಯದ ಖಾಲಿ ಜಾಗದಲ್ಲಿ ನಿಮ್ಮ ಪದವನ್ನಿಟ್ಟು, ಒಮ್ಮೆ ಗಟ್ಟಿಯಾಗಿ ಓದಿ ನೋಡಿ ತಿಳಿಸಿ: “ಅರೇಖೀಯತೆಯು ಅಲೆಯನ್ನು ಕಡಿದಾಗಿಸುತ್ತದೆ, ______ ಅದನ್ನು ಹಿಗ್ಗಿಸುತ್ತದೆ.”